ಮರಳೇರಿ ಬಂದ ಆಮೆ

ಕೋಟೆಗೋಡೆಗೂ ಕಡಲಿಗೂ ನಡುವೆ ಮುದುಕಿ ಅಕ್ಕಣಿಯ ಎಳನೀರಿನ ಅಂಗಡಿ. ಕೋಟೆ ನೋಡಲು ಬಂದವರಿಗೆ ಎಳನೀರಿನ ಜೊತೆ ಅವಳ ಕತೆ ಪುಕ್ಕಟೆ. ಆ ಬೆಳಿಗ್ಗೆ ರೆಸಾರ್ಟಿನ ಮ್ಯಾನೇಜರ್ ಅಲ್ಲಿಗೆ ಜೆಸಿಬಿ ತಂದು ನಿಲ್ಲಿಸಿದ.

"ಅಂಗಡಿ ತೆಗೀರಿ ಅಜ್ಜಿ. ಇಲ್ಲಿ ಗೆಸ್ಟ್‌ಗಳಿಗೆ ಕುರ್ಚಿ ಹಾಕ್ಬೇಕು."

"ನಾ ತೆಗುದ್ರೂ ಆಮೆ ಬಿಡ್ಕಲೆ! ನಿನ್ನೆ ರಾತ್ರಿ ನನ್ನಂಗಡಿ ಬುಡದಲ್ಲೇ ಮೊಟ್ಟೆ ಇಟ್ಟಿತ್ತ್. ಎಂಥಾ ಆಮೆ ಅಂತ್ರಿ! ಬೆನ್ನ ಮೇಲೆ ಮದಿ ಚಪ್ಪರ ಹಾಕ್ಲಕ್ಕ್."

"ಸುಳ್ಳಾದ್ರೆ ಈಗ್ಲೇ ಕೆಡವ್ತೀನಿ."

"ಸತ್ಯ ಆದ್ರೆ?"

"ಮರಿಯಾಗೋವರೆಗೂ ಒಂದು ಹಿಡಿ ಮರಳೂ ಮುಟ್ಟಲ್ಲ" ಎಂದು ಅವನು ಅರಣ್ಯ ಇಲಾಖೆಯ ಗಾರ್ಡನ್ನು ಕರೆಸಿದ.

ಅಕ್ಕಣಿ ಸೆರಗು ಬಿಗಿದು ಅಂಗಡಿಯ ಬಾಗಿಲಿಗೇ ಅಡ್ಡ ಕೂತಳು.

ಗಾರ್ಡ್ ಬಂದವನು ಮರಳಿನ ಮೇಲಿದ್ದ ಅಗಲವಾದ ಗುರುತಿನ ಜಾಡು ಹಿಡಿದು ಎರಡು ಸಲ ಅಡ್ಡಾಡಿದ. ಆಮೇಲೆ ಮುದುಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳಿಗಷ್ಟೇ ಕೇಳುವಂತೆ ಹೇಳಿದ: "ಅಜ್ಜಿ, ಆಮೆ ಕಡಲಿಂದ ಏರಿ ಬಂದ ಗುರುತ್ ಇತ್ತ್. ವಾಪಸ್ ಇಳ್ದ್ ಹೋದ ಗುರುತೇ ಇಲ್ಲೆ ಕಾಣಿ."

ಜೆಸಿಬಿ ಬರುವ ಸುದ್ದಿ ಕೇಳಿ ನಸುಕಿನಲ್ಲೇ ಕಡಲಂಚಿನಿಂದ ಮೊರ ಎಳೆಯುತ್ತ ಮೇಲೆ ಬಂದಿದ್ದ ಅಕ್ಕಣಿ ಮತ್ತೆ ಕಡಲವರೆಗೆ ಎಳೆಯುವುದನ್ನೇ ಮರೆತಿದ್ದಳು. ಆದರೂ ಎಲೆಯಡಿಕೆ ಉಗುಳಿ ಗದ್ದ ಮೇಲೆತ್ತಿದಳು.

"ಹೋಗ್ ಅಂದ್ಕೂಡ್ಲೆ ಹೋಪ ಜಾತಿ ಅಲ್ಲ ಮಗಾ ಅದ್. ಇಲ್ಲೇ ಕೂಕಂಡಿತ್ತ್."

ಗಾರ್ಡ್ ಎದ್ದುಹೋಗಿ, ಅವಳ ಅಂಗಡಿಯೂ ಒಳಗೆ ಸೇರುವ ಹಾಗೆ ಆಮೆಗೂಡಿನ ಕಾವಲಿಗೆಂದು ಸುತ್ತ ಗೂಟ ಹೊಡೆದು ಬಲೆ ಕಟ್ಟಿದ.