ನಲವತ್ತರ ಮೇಲಿರಲಿಲ್ಲ

ಇಳಿಜಾರಿನ ತಿರುವಿನಲ್ಲಿ ಕಾರು ಹೊಲಿಗೆ ಟೀಚರ ಮಾತು ಕೇಳುವುದನ್ನು ನಿಲ್ಲಿಸಿತು. ಆಕೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದ್ದಳು. ಕಾರಿನ ಮೂತಿ ಬಲಕ್ಕೇ ಹೊರಳಿತು, ಆದರೆ ಹಿಂಭಾಗ ಒದ್ದೆ ರಸ್ತೆಯ ಮೇಲೆ ತನ್ನ ಪಾಡಿಗೆ ತಾನು ಎಡಕ್ಕೆ ಸರಿಯತೊಡಗಿತು. ಬ್ರೇಕ್ ಒತ್ತಿದಳು. ಜಾರುವಿಕೆ ಇನ್ನೂ ಹೆಚ್ಚಾಯಿತು.

ಪಕ್ಕದ ಸೀಟಿನಲ್ಲಿ ಅತ್ತೆ ಇದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ಒಂದು ವಾರವಾಗಿತ್ತು. ಎಲ್ಲ ಚೆನ್ನಾಗಿದೆ ಎಂದು ಡಾಕ್ಟರು ಆ ಬೆಳಿಗ್ಗೆಯಷ್ಟೇ ಹೇಳಿ ಕಳಿಸಿದ್ದರು. ಆಸ್ಪತ್ರೆಯ ಗೇಟು ದಾಟಿದಾಗಿನಿಂದ ಅವರು ದಾರಿಯಲ್ಲಿ ಸಿಕ್ಕ ಅಂಗಡಿ ಬೋರ್ಡುಗಳನ್ನೆಲ್ಲ ಒಂದೂ ಬಿಡದೆ ಗಟ್ಟಿಯಾಗಿ ಓದುತ್ತ ಬಂದಿದ್ದರು. ಒಂದು ಬೇಕರಿಯ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದೆ ಎಂದು ಕಂಡುಹಿಡಿದು, ಕಳ್ಳನನ್ನು ಹಿಡಿದುಕೊಟ್ಟವರಂತೆ ಬೀಗಿದ್ದರು.

"ನನ್ನ ಮಗನ ಪಕ್ಕ ಕೂತ್ರೆ ಜೀವ ಅಂಗೈಲಿ ಇಟ್ಕೊಂಡಿರ್ಬೇಕು ಕಣೆ," ಎಂದಿದ್ದರು ಸೊಸೆಗೆ. "ನೀನು ಓಡಿಸಿದ್ರೆ ನೋಡು, ಬೋರ್ಡ್ ಓದೋಕೂ ಪುರಸೊತ್ತು."

ಈಗ ಅವರು ಒಂದು ಕೈಯಿಂದ ಬಾಗಿಲ ಹಿಡಿಕೆಯನ್ನೂ ಇನ್ನೊಂದರಿಂದ ಸೊಸೆಯ ಸೆರಗನ್ನೂ ಹಿಡಿದುಕೊಂಡು "ನಿಧಾನ, ನಿಧಾನ" ಎಂದರು. ಬೈದಂತಿರಲಿಲ್ಲ, ಮಗುವಿಗೆ ಮೆಟ್ಟಿಲು ಇಳಿಸುವಾಗ ಹೇಳಿದಂತಿತ್ತು. ಕಾರು ಪೂರ್ತಿ ಅಡ್ಡವಾಯಿತು. ಅವರ ಕಡೆಯ ಬಾಗಿಲಿಗೆ ಬೀದಿದೀಪದ ಕಂಬ ನೇರ ಎದುರಾಯಿತು.

ಸದ್ದು ನಿಂತ ಮೇಲೂ ವೈಪರ್ ಆಡುತ್ತಲೇ ಇತ್ತು. "ಅತ್ತೆ," ಎಂದು ಕರೆದಳು. ಅವರ ಬೆರಳುಗಳು ಇನ್ನೂ ಅವಳ ಸೆರಗಿನಲ್ಲೇ ಇದ್ದವು, ಹಿಡಿತ ಮಾತ್ರ ಇರಲಿಲ್ಲ. ಎದುರಿನ ಔಷಧಿ ಅಂಗಡಿಯವನು ಓಡಿಬಂದು ಒಳಗೆ ಬಗ್ಗಿ ನೋಡಿದ. ನೋಡಿದವನು ಅತ್ತೆಯ ಕಡೆಯ ಬಾಗಿಲನ್ನು ಎಳೆಯುವ ಗೋಜಿಗೆ ಹೋಗದೆ ಸುತ್ತು ಹಾಕಿ ಅವಳ ಕಡೆಗೆ ಬಂದ.

ಮಧ್ಯಾಹ್ನದ ಹೊತ್ತಿಗೆ ಅವಳ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಕತ್ತರಿ ಹಿಡಿಯುವ ಕೈ. ಮತ್ತೆ ಹಿಡಿಯುವುದು ಯಾವಾಗ ಎಂದು ಅವಳು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ವಾರ್ಡಿನ ಹಸಿರು ಪರದೆಯ ಆಚೆಯಿಂದ ಗಂಡನ ಅಕ್ಕನ ಅಳು ಕೇಳಿಸುತ್ತಿತ್ತು.

"ಬೆಳಿಗ್ಗೆ ಫೋನಲ್ಲಿ ಅಷ್ಟೊಂದು ಮಾತಾಡಿದ್ಳಲ್ಲೋ ಅಮ್ಮ. ಹೇಗಾಯ್ತೋ ಇದು?"

ಗಂಡ ಹೇಳಿದ: "ಅವಳು ಓಡಿಸೋದು ಸ್ವಲ್ಪ ಜೋರು ಅಕ್ಕ. ಎಷ್ಟು ಸಲ ಹೇಳಿದೀನಿ, ಕೇಳಬೇಕಲ್ಲ."

ಹೊಲಿಗೆ ಟೀಚರು ಕಣ್ಣು ಮುಚ್ಚಿಕೊಂಡಳು. ಜೋರಾಗಿ ಓಡಿಸಿದೆನೇನೋ ಎಂದು ಅವಳಿಗೂ ಒಂದು ಕ್ಷಣ ಅನ್ನಿಸಿತು. ಸತ್ತವರು ಪಕ್ಕದಲ್ಲೇ ಕೂತಿದ್ದವರು, ಸ್ಟಿಯರಿಂಗ್ ಹಿಡಿದಿದ್ದವಳು ತಾನು. ಇಷ್ಟು ಸಾಕಲ್ಲ, ಬೇರೆ ಸಾಕ್ಷಿ ಯಾಕೆ ಬೇಕು. ಅತ್ತೆಯ ಮುಖ ಇನ್ನೊಮ್ಮೆ ನೋಡಬೇಕು ಎಂದು ನರ್ಸಿಗೆ ಹೇಳೋಣವೆಂದುಕೊಂಡಳು. ನರ್ಸು ಬಂದಾಗ ನೀರು ಕೇಳಿದಳು.

ಸಂಜೆಗೆ ಮುಂಚೆ ನರೆತ ಮೀಸೆಯ ಪೊಲೀಸಿನವನೊಬ್ಬ ಹೇಳಿಕೆ ಬರೆದುಕೊಳ್ಳಲು ಬಂದ. ಗಂಡನೂ ಒಳಬಂದು ಮಂಚದ ಕಾಲ ಬದಿಯ ಕಂಬಿ ಹಿಡಿದು ನಿಂತ.

"ಎಷ್ಟು ಸ್ಪೀಡಲ್ಲಿ ಇದ್ರಮ್ಮ?"

"ನಲವತ್ತು. ನಲವತ್ತರ ಮೇಲಿರಲಿಲ್ಲ."

ಗಂಡ ಉಸಿರುಬಿಟ್ಟು ಕಿಟಕಿಯ ಕಡೆ ನೋಡಿದ. ಪೊಲೀಸಿನವನು ತಲೆಯಾಡಿಸಿದ. "ಆ ಗಾಡಿಗೆ ನಲವತ್ತೂ ಜಾಸ್ತೀನೇ ಬಿಡಿ." ಫೋನು ತೆಗೆದು ಒಂದು ಚಿತ್ರ ತೋರಿಸಿದ. ಕಾರಿನ ಹಿಂದಿನ ಚಕ್ರ. ಗೀರುಗಳೇ ಇಲ್ಲದೆ ನುಣ್ಣಗೆ ಹೊಳೆಯುತ್ತಿದ್ದ ರಬ್ಬರು, ಅಂಚಿನಲ್ಲಿ ಇಣುಕುತ್ತಿದ್ದ ತಂತಿಗಳು. "ಹಿಂದಿನವು ಎರಡೂ ಹೀಗೇ. ನನ್ನ ಬೋಳು ತಲೆ ಇದಕ್ಕಿಂತ ವಾಸಿ. ಒದ್ದೆ ನೆಲದಲ್ಲಿ ಇದು ಯಾರ ಕೈಲಿದ್ರೂ ನಿಲ್ತಿರಲಿಲ್ಲ." ಬಳಿಕ ಗಂಡನ ಕಡೆ ತಿರುಗಿದ. "ಗಾಡಿ ನಿಮ್ಮ ಹೆಸರಲ್ಲಿದೆ. ಟೈರು ಈ ಸ್ಥಿತೀಲಿದೆ ಅಂತ ಗೊತ್ತಿರಲಿಲ್ವಾ?"

"ಇಲ್ಲ ಸಾರ್. ನಂಗೆ ಟೈರು-ಗೀರು ಅಷ್ಟು ತಿಳಿಯಲ್ಲ. ಗೊತ್ತಿದ್ರೆ ಹೆತ್ತ ತಾಯೀನ ಕೂರಿಸ್ತಿದ್ನಾ?" ಅವನ ದನಿ ಒಡೆಯಿತು. ಅಳು ನಿಜವಾದದ್ದೇ. ಅವನು ಮುಖ ಮುಚ್ಚಿಕೊಂಡ.

ಪೊಲೀಸಿನವನು ಅವನು ಹೇಳಿದ್ದನ್ನು ಬರೆದುಕೊಂಡ. ಅವನ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಹೇಳಿ ಪುಸ್ತಕ ಮುಚ್ಚಲು ಹೊರಟ. ಹೊಲಿಗೆ ಟೀಚರು ಗಂಡನನ್ನೇ ನೋಡುತ್ತಿದ್ದಳು. ತುಂಬ ಹೊತ್ತು ನೋಡಿದಳು, ಬಿಡಿಸಲಾಗದ ಗಂಟಿನ ಎಳೆಯೊಂದು ಕೈಗೆ ಸಿಕ್ಕವಳಂತೆ.

"ಅಣ್ಣಾ, ಇನ್ನೊಂದು ಮಾತಿದೆ, ಬರ್ಕೊಳ್ಳಿ," ಎಂದಳು.

ಪೊಲೀಸಿನವನು ಪೆನ್ನಿನ ಮುಚ್ಚಳ ಮತ್ತೆ ತೆಗೆದ. ಗಂಡ ಮುಖದಿಂದ ಕೈ ತೆಗೆದ.

"ಆರು ವರ್ಷ ಇವರು ಕೆಲಸಕ್ಕೆ ಕಾರು ಬಿಟ್ಟು ಬೇರೆ ಯಾವುದರಲ್ಲೂ ಹೋದವರಲ್ಲ. ಈ ಸಲ ಮಳೆ ಹಿಡಿದ ದಿನದಿಂದ ಬಸ್ಸಲ್ಲಿ ಹೋಗ್ತಿದಾರೆ. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ನಿಂಗೇ ಬೇಕಾಗುತ್ತೆ, ಕಾರು ಮನೇಲೇ ಇರ್ಲಿ ಅಂದ್ರು." ದನಿ ಏರಿಸದೆ ಮುಗಿಸಿದಳು. "ಎಷ್ಟು ಒಳ್ಳೆಯವರು ಅಂತ ನಾವಿಬ್ರೂ ಇವತ್ತು ದಾರೀಲಿ ಮಾತಾಡ್ಕೊಂಡ್ವಿ."