ಬರಿಹೊಟ್ಟೆಯ ಗುಳಿಗೆ

“ಇದನ್ನು ನಿಮಗೆ ಯಾರು ಕೊಟ್ಟದ್ದು?”

ಲವಿನಾಳ ಕೈಯಲ್ಲಿ ಅರ್ಧ ಖಾಲಿಯಾದ ಗುಳಿಗೆಯ ಸ್ಟ್ರಿಪ್. ಮಗನ ಸ್ಕೂಲ್ ಬೆಲ್ಟ್ ಹುಡುಕುತ್ತಾ ಮಕ್ಕಳ ಕೋಣೆಯ ನೆಲದ ಮೇಲಿನ ಹಾಸಿಗೆ ಸರಿಸಿದಾಗ ಸಿಕ್ಕಿದ್ದು. ಆ ಹಾಸಿಗೆ ಅನ್ನಾಳದು.

“ಗ್ಯಾಸಿನದ್ದು ಅಷ್ಟೆ,” ಎಂದಳು ಅನ್ನಾ, ಒಲೆಯ ಕಡೆಯಿಂದ ತಿರುಗದೆ. “ದೋಸೆ ತಣಿತಾ ಉಂಟು.”

“ಯಾರು ಕೊಟ್ಟದ್ದು ಅಂತ ಕೇಳಿದ್ದು ನಾನು.”

ಬೂಟಿನ ಲೇಸು ಕಟ್ಟುತ್ತಿದ್ದ ಮಗನೇ ಉತ್ತರಿಸಿದ: “ಫಾರ್ಮಸಿ ಆಂಟಿ. ಶಿ ಈಸ್ ನೈಸ್.”

ಖಲಾಸ್. ಲವಿನಾಳಿಗೆ ಎಲ್ಲ ಅರ್ಥವಾಯಿತು.

ದುಬೈಯ ಅಲ್ ಕುಸೈಸ್‌ನಲ್ಲಿ ಕಾರು ನಿಲ್ಲಿಸಲು ಜಾಗವಾದರೂ ಸಿಕ್ಕೀತು, ಮನೆಗೆಲಸಕ್ಕೆ ನಂಬಿಕೆಯ ಜನ ಸಿಗುವುದಿಲ್ಲ. ಸಿಕ್ಕವರನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಲಿಫ್ಟಿನಲ್ಲಿ ಒಂದು ನಗು, ಹಬ್ಬಕ್ಕೊಂದು ಹಳೆಯ ಚೂಡಿದಾರ್, ತಲೆನೋವಿಗೊಂದು ಗುಳಿಗೆ. ಗಾಳ ಹಾಕುವವರು ಹೀಗೇ ಶುರುಮಾಡುವುದು. ಹಿಂದೆ ಇದ್ದ ಸಿಂಹಳದ ಹುಡುಗಿಯನ್ನು ಮೇಲಿನ ಮಹಡಿಯವರು ಹೀಗೆಯೇ ಎಳೆದುಕೊಂಡಿದ್ದರು. ಆಮೇಲೆಯೇ ಗಂಡ ವಿಲ್ಸನ್ ಊರಿಗೆ ಹೋಗಿ, ವೀಸಾ ಮಾಡಿಸಿ, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಅನ್ನಾಳನ್ನು ಕರೆತಂದದ್ದು. ಈಕೆ ಎಲ್ಲಿಗೂ ಹೋಗುವವಳಲ್ಲ. ಆ ಧೈರ್ಯದ ಮೇಲೆಯೇ ಲವಿನಾ ಅಲ್ ಬರ್ಷಾದ ಆಫೀಸಿನಲ್ಲಿ ಬಡ್ತಿ ಒಪ್ಪಿಕೊಂಡಿದ್ದಳು.

ಮೆಟ್ರೋದಿಂದಲೇ ಗಂಡನಿಗೆ ಫೋನು ಮಾಡಿದಳು.

“ಕೆಳಗಿನ ಫಾರ್ಮಸಿಯವಳು ಇವರ ತಲೆ ಕೆಡಿಸ್ತಾ ಇದ್ದಾಳೆ.”

“ಎಲ್ಲಿಗೆ ಹೋಗ್ತಾರೆ? ಪಾಸ್‌ಪೋರ್ಟ್ ನನ್ನ ಹತ್ರ ಉಂಟಲ್ಲ.”

“ಪಾಸ್‌ಪೋರ್ಟಿಗೆ ಟಿಫಿನ್ ಕಟ್ಟಲಿಕ್ಕೆ ಬರ್ತದಾ?”

ಗುಳಿಗೆ ಯಾತಕ್ಕೆ ಬೇಕಾಯಿತು ಎಂದು ಇಬ್ಬರೂ ಕೇಳಲಿಲ್ಲ. ಓದಿದವರು, ಬಿಡುವಿಲ್ಲದವರು.

ಅನ್ನಾಳಿಗೆ ಉರಿ ಇತ್ತು. ಹೊಟ್ಟೆಯ ಬುಡದಿಂದ ಎದ್ದು ಗಂಟಲಿಗೆ ಹುಳಿಯಾಗಿ ಬರುತ್ತಿತ್ತು. ಈ ಮನೆಯಲ್ಲಿ ಎಲ್ಲರೂ ತಿಂದು, ಸ್ಕೂಲ್ ಬಸ್ಸು ಹೋಗಿ, ಪಾತ್ರೆ ತೊಳೆದು, ಬಟ್ಟೆ ಹರವಿದ ಮೇಲೆ ಅನ್ನಾಳ ಚಹಾ. ಮೊಣಕಾಲಿನ ನೋವಿಗೆಂದು ವಿಲ್ಸನ್ ಧಾರಾಳವಾಗಿ ನೋವಿನ ಮಾತ್ರೆಯ ದೊಡ್ಡ ಡಬ್ಬಿ ತಂದಿಟ್ಟಿದ್ದ. ಅದನ್ನು ಬರಿಹೊಟ್ಟೆಗೆ ನುಂಗಿ ಕೆಲಸಕ್ಕೆ ನಿಲ್ಲುತ್ತಿದ್ದಳು. ಕಾಲು ಓಡಿತು, ಹೊಟ್ಟೆ ಸುಟ್ಟಿತು.

ಫಾರ್ಮಸಿಯ ಜಮೀಲ ಉಳ್ಳಾಲದವಳು. ಮಕ್ಕಳ ಕೆಮ್ಮಿನ ಸಿರಪ್ಪಿಗೆ ಬಂದ ಅನ್ನಾ ಕೌಂಟರ್ ಹಿಡಿದು ಬಗ್ಗಿದ್ದನ್ನು ಕಂಡು ಅವಳೇ ಸ್ಟೂಲು ಎಳೆದು ಕೂರಿಸಿದ್ದಳು.

“ಬಾಯಮ್ಮ, ಬೆಳಿಗ್ಗೆ ಎಂತ ತಿಂದದ್ದು?”

“ಇನ್ನು ತಿನ್ಬೇಕಷ್ಟೆ.”

“ಮಧ್ಯಾಹ್ನ ಆಯ್ತಲ್ಲ ಮಾರಾಯ್ರೆ! ನಿಮ್ಮ ಮೇಡಂ ಊಟ ಕೊಡುದಿಲ್ವಾ?”

ಅನ್ನಾ ಜೋರಾಗಿ ನಕ್ಕಳು. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಹೊಟ್ಟೆಯ ಆಮ್ಲ ತಗ್ಗಿಸುವ ಗುಳಿಗೆ ಕೊಟ್ಟು ಜಮೀಲ ತಿಳಿಸಿ ಹೇಳಿದಳು: ತಿಂಡಿಗೆ ಅರ್ಧ ಗಂಟೆ ಮೊದಲು ಒಂದು, ನೋವಿನ ಮಾತ್ರೆ ಬಂದ್, ಕಡಿಮೆಯಾಗದಿದ್ದರೆ ಡಾಕ್ಟರು. ಅನ್ನಾ ಗುಳಿಗೆಯನ್ನೇನೋ ನಿಯತ್ತಾಗಿ ನುಂಗಿದಳು. ಅರ್ಧ ಗಂಟೆ ಹೋಯಿತು, ಬೆಳಗೇ ಹೋಯಿತು. ಗುಳಿಗೆ ಒಳಗೆ ಕೂತು ತಿಂಡಿಯ ದಾರಿ ನೋಡಿತು. ಮೊಣಕಾಲು ಮಾತ್ರ ಸುಮ್ಮನಿರಲಿಲ್ಲ, ಡಬ್ಬಿಯ ಮುಚ್ಚಳ ಮತ್ತೆ ತೆರೆಯಿತು.

ಸ್ಟ್ರಿಪ್ ಸಿಕ್ಕಿಬಿದ್ದ ದಿನ ಸಂಜೆ, ಗಂಡ ಹೆಂಡತಿ ಮನೆ ಸೇರಿದ ಮೇಲೆ, ಅನ್ನಾ ಹಾಲು ತರುವ ನೆಪದಲ್ಲಿ ಕೆಳಗಿಳಿದಳು.

“ಇನ್ನು ಗುಳಿಗೆ ಬೇಡ ಜಮೀಲ. ಮನೆಯಲ್ಲಿ ಗೊತ್ತಾಯ್ತು.”

“ಉರಿ ಹೇಗುಂಟು?”

“ಉರಿ ಪರವಾಗಿಲ್ಲ. ಆದ್ರೆ ಎರಡು ದಿನದಿಂದ ಹೊರಗೆ ಹೋಗುವಾಗ ಡಾಂಬರಿನ ಹಾಗೆ ಕಪ್ಪು. ತಲೆಯೂ ತಿರುಗ್ತದೆ.”

ಜಮೀಲಳ ಮುಖ ಬದಲಾಯಿತು. ಮಲ ಕಪ್ಪಾಯಿತೆಂದರೆ ಹೊಟ್ಟೆಯ ಹುಣ್ಣಿನಿಂದ ರಕ್ತ. ಇದು ಗುಳಿಗೆಗೆ ಬಗ್ಗುವುದಲ್ಲ.

“ಇನ್ಶೂರೆನ್ಸ್ ಕಾರ್ಡ್ ಎಲ್ಲುಂಟು?”

“ಮೇಲೆ, ಅವನ ಕಪಾಟಿನಲ್ಲಿ.”

“ಯಲ್ಲಾ, ನಡೀರಿ.” ಬಿಳಿ ಕೋಟು ಬಿಚ್ಚದೆಯೇ ಜಮೀಲ ಅನ್ನಾಳ ಕೈಹಿಡಿದು ಲಿಫ್ಟ್ ಹತ್ತಿದಳು.

ಬಾಗಿಲು ತೆರೆದದ್ದು ವಿಲ್ಸನ್. ಹಿಂದಿನಿಂದ ಲವಿನಾ ಇಣುಕಿದಳು. “ನೋಡಿ, ಮನೆಗೇ ಬಂದ್ಬಿಟ್ಳು!”

“ಇವರ ಹೊಟ್ಟೆಯೊಳಗೆ ರಕ್ತ ಹೋಗ್ತಾ ಉಂಟು ಸರ್,” ಎಂದಳು ಜಮೀಲ. “ಈಗಲೇ ಆಸ್ಪತ್ರೆಗೆ ಸೇರಿಸ್ಬೇಕು. ಕಾರ್ಡ್ ಕೊಡಿ.”

“ಕರ್ಕೊಂಡು ಹೋಗ್ಲಿಕ್ಕೆ ಒಳ್ಳೆ ಉಪಾಯ,” ಲವಿನಾ ಮುಂದೆ ಬಂದಳು. “ನಾಳೆ ಮಕ್ಕಳನ್ನು ಬಸ್ಸಿಗೆ ಹತ್ತಿಸುದು ಯಾರು?”

“ನೀವು ಹತ್ತಿಸಿ. ಹೆತ್ತದ್ದು ನೀವಲ್ವಾ?”

ಲವಿನಾ ಗಂಡನ ಕಡೆ ತಿರುಗಿದಳು. ಜಮೀಲಳೂ ಅವನ ಕಡೆಗೇ ತಿರುಗಿದಳು.

“ಈ ದೇಶದಲ್ಲಿ ಇವರಂಥವರಿಗೂ ಕಾನೂನು ಉಂಟು ಸರ್. ಹೊತ್ತಿಗೆ ಊಟ ಕೊಡ್ಬೇಕು, ಔಷಧಿ ಕೊಡ್ಬೇಕು, ವಾರಕ್ಕೊಂದು ರಜೆ ಕೊಡ್ಬೇಕು. ಪಾಸ್‌ಪೋರ್ಟ್ ಅವರ ಕೈಯಲ್ಲೇ ಇರ್ಬೇಕು. ಸಂಬಳವಾದ್ರೂ ಸರಿಯಾಗಿ ಕೊಡ್ತೀರಾ?”

ವಿಲ್ಸನ್ ಬಾಗಿಲ ಹಿಡಿಯನ್ನು ತಿರುಗಿಸುತ್ತಾ ನಿಂತ.

“ಸಂಬಳವೂ ಇಲ್ವಾ? ಆಯ್ತು. ಇವರನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದಲೇ ಕಂಪ್ಲೇಂಟ್ ಕೊಡ್ತೇನೆ.”

ಅನ್ನಾ ಬಾಗಿಲ ಚೌಕಟ್ಟಿಗೆ ಒರಗಿದಳು. ಮುಖ ಬಿಳುಚಿತ್ತು. “ಬೇಡ ಜಮೀಲ,” ಎಂದಳು ಮೆಲ್ಲಗೆ. “ಅವನ ಬಾಯಿಂದ ಹೇಳಿಸ್ಬೇಡ.”

“ಯಾರಿಗೆ ಬೇಕಾದ್ರೂ ಕಂಪ್ಲೇಂಟ್ ಕೊಡಿ,” ಎಂದ ವಿಲ್ಸನ್. ಈಗ ಅವನ ದನಿಯಲ್ಲಿ ಧೈರ್ಯವಿತ್ತು. “ನೀವು ಹೇಳುವ ಕಾನೂನು ಒಂದೂ ಇವರಿಗೆ ಆಗುದಿಲ್ಲ.”

“ಯಾಕೆ ಆಗುದಿಲ್ಲ? ಮನೆಕೆಲಸದವರು ಮನುಷ್ಯರಲ್ವಾ?”

“ಕೆಲಸದವರು ಯಾರು ಮಾರಾಯ್ತಿ?” ವಿಲ್ಸನ್ ಗೆದ್ದವನಂತೆ ನಕ್ಕ. “ಇವರು ನನ್ನ ಅಮ್ಮ!”