ಬ್ರೇಕ್ ಮಾಮ ಓದಿದ ಕಾದಂಬರಿ

ಬಾಯಿ ಅಗಲಿಸಿಕೊಂಡು ಕುರ್ಚಿಯಲ್ಲಿ ಒರಗಿದವನು ಯಾವ ವಾದವನ್ನೂ ಗೆಲ್ಲಲಾರ ಎಂಬುದು ಬ್ರೇಕ್ ಮಾಮನಿಗೆ ಅವತ್ತು ಗೊತ್ತಾಯಿತು. ಹುಳುಕು ಹಲ್ಲು ಕೀಳಿಸಲು ಬಂದಿದ್ದ. ಜೊತೆಗೆ ಮಗಳು ಪುಟ್ಟಿ ಇದ್ದಳು. ದವಡೆಗೆ ಸೂಜಿ ಚುಚ್ಚಿದ ಡಾಕ್ಟರಮ್ಮ, ಅದು ಮರಗಟ್ಟುವ ತನಕ ಸುಮ್ಮನಿರಲಾರದೆ ಪುಟ್ಟಿಯ ಕಡೆ ತಿರುಗಿದರು.

"ಹೋದ ಸಲ ನಿನಗೊಂದು ಕಾದಂಬರಿ ಹೇಳಿದ್ದೆನಲ್ಲ, ಈಜೋ ಹುಡುಗೀದು. ಓದಿದೆಯಾ?"

"ಅರ್ಧ ಓದಿದೆ ಆಂಟಿ. ಅಷ್ಟರಲ್ಲಿ ಅಪ್ಪ ಕಿತ್ಕೊಂಡು ಬೀರುವಲ್ಲಿಟ್ಟು ಬೀಗ ಹಾಕಿಬಿಟ್ರು. ಇಂಥ ಕಥೆ ಓದಿದ್ರೆ ತಲೆ ಕೆಟ್ಟು ಹೋಗತ್ತಂತೆ."

"ಆ... ಆ..." ಎಂದ ಮಾಮ. ಹೇಳುವುದು ಬೇಕಾದಷ್ಟಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ "ಬ್ರೇಕ್! ಬ್ರೇಕ್ ಒತ್ತಮ್ಮಾ!" ಎಂದು ಕೂಗಿ ಕೂಗಿಯೇ ಆ ಹೆಸರು ಗಳಿಸಿದವನು ಅವನು. ಆದರೆ ಈಗ ಬಾಯೊಳಗೆ ಹತ್ತಿ, ಪುಟ್ಟ ಕನ್ನಡಿ, ಸಾಲದ್ದಕ್ಕೆ ಡಾಕ್ಟರಮ್ಮನ ಬೆರಳುಗಳು.

"ಮಾತಾಡಬೇಡಿ ಸರ್. ನನ್ನ ತಲೆ ಪೂರ್ತಿ ನರೆತಿದೆ, ನಾನೂ ಇಂಥವನ್ನೇ ಓದೋದು. ದೊಡ್ಡವರ ಕಾದಂಬರೀಲಿ ಎಲ್ರೂ ಯೋಚನೆ ಮಾಡ್ಕೊಂಡೇ ಕೂತಿರ್ತಾರೆ. ಈ ಹದಿಹರೆಯದವರ ಪುಸ್ತಕದಲ್ಲಿ ಹಾಗಲ್ಲ, ಮೊದಲನೇ ಪುಟದಲ್ಲೇ ಏನಾದ್ರೂ ಎಡವಟ್ಟು ಮಾಡ್ಕೊಂಡಿರ್ತಾರೆ. ಓದ್ತಾ ಓದ್ತಾ ಅದು ನಮ್ಮನೇ ಎಡವಟ್ಟೇ ಅನ್ನಿಸಿಬಿಡುತ್ತೆ. ಅದಕ್ಕೇ ಇಲ್ಲಿ ಬಂದೋರಿಗೆಲ್ಲ ಓದಿ, ಓದಿ ಅಂತ ಗಂಟು ಬೀಳ್ತೀನಿ."

ಇಕ್ಕಳ ಹಲ್ಲನ್ನು ಹಿಡಿಯಿತು. ಡಾಕ್ಟರಮ್ಮನ ಕೈಯೂ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ. "ಆ ಹುಡುಗಿ ಮೆಡಲ್ ಮೇಲೆ ಮೆಡಲ್ ಗೆದ್ದವಳು. ಇದ್ದಕ್ಕಿದ್ದ ಹಾಗೆ ಈಜು ಸಾಕಾಗಿಬಿಡುತ್ತೆ. ಅಪ್ಪನಿಗೆ ಹೇಳೋಕೆ ಭಯ. ದಿನಾ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಹೊರಡ್ತಾಳೆ, ಬಸ್ ಸ್ಟಾಪಿನ ಬೆಂಚಲ್ಲಿ ಕೂತಿದ್ದು, ನಲ್ಲೀಲಿ ತಲೆ ಒದ್ದೆ ಮಾಡ್ಕೊಂಡು ಮನೆಗೆ ಬರ್ತಾಳೆ. ಅಪ್ಪ ಮಾತ್ರ ಸಿಕ್ಕಸಿಕ್ಕವರಿಗೆಲ್ಲ ನನ್ನ ಮಗಳು, ನನ್ನ ಮಗಳು ಅಂತ ಕೊಚ್ಕೊಳ್ತಿರ್ತಾನೆ."

ಎಂಥ ಪೆದ್ದ ಅಪ್ಪನಪ್ಪಾ ಎಂದುಕೊಂಡ ಮಾಮ. ಪುಟ್ಟಿಯೂ ಈಜುಗಾತಿಯೇ. ಅವಳ ಮೆಡಲುಗಳನ್ನು ಕಾರಿನ ಕನ್ನಡಿಗೆ ನೇತುಹಾಕಿ, ಕ್ಲಚ್ ಒತ್ತಲು ಕಲಿಯುವವರಿಗೆಲ್ಲ ಒಂದೊಂದರ ಕಥೆ ಹೇಳುವುದು ಅವನ ಪಾಠದ ಭಾಗವೇ ಆಗಿತ್ತು. ತನ್ನ ಮಗಳ ವಿಷಯ ತನಗೆ ಗೊತ್ತಿಲ್ಲದೆ ಇರುವುದುಂಟೇ?

"ಒಂದಿನ ಆ ಅಪ್ಪ ಬಟ್ಟೆ ಒಗೆಯೋಕೆ ಅಂತ ಅವಳ ಬ್ಯಾಗ್ ತೆಗೀತಾನೆ..." ಹಲ್ಲು ಕಟಕ್ಕೆಂದು ಈಚೆ ಬಂತು. ಡಾಕ್ಟರಮ್ಮ ಕಥೆಯನ್ನೂ ಅಲ್ಲಿಗೇ ನಿಲ್ಲಿಸಿದರು.

"ಹೂಂ?" ಎಂದ ಮಾಮ, ಹತ್ತಿ ಕಚ್ಚಿಕೊಂಡೇ.

"ಉಳಿದದ್ದು ನಾನು ಹೇಳಲ್ಲ. ಪುಸ್ತಕ ನಿಮ್ಮ ಬೀರುವಲ್ಲೇ ಇದೆಯಲ್ಲ! ಇವತ್ತೆಲ್ಲಾ ಬಾಯಿಗೆ ರಜೆ ಕೊಡಿ." ಪುಟ್ಟಿ ಯಾಕೋ ಕಿಟಕಿಯ ಕಡೆ ನೋಡುತ್ತಿದ್ದಳು.

ಮಾತಾಡುವಂತಿಲ್ಲ, ಪಾಠ ಹೇಳುವಂತಿಲ್ಲ. ಮನೆಯಲ್ಲಿ ಕೂತಲ್ಲಿ ಕೂರಲಾಗದೆ ಮಾಮ ಬೀರು ತೆಗೆದ. ಬ್ಯಾಗಿನಲ್ಲಿ ಏನಿತ್ತೆಂದು ನೋಡಿ ಇಟ್ಟುಬಿಡೋಣ ಎಂದು ಪುಸ್ತಕ ಹಿಡಿದವನು ಮೊದಲ ಪುಟಕ್ಕೇ ಸಿಕ್ಕಿಹಾಕಿಕೊಂಡ. ಹುಡುಗಿ ಈಜಿನ ಕೋಚಿಗೆ ಬಿಟ್ಟ ಬುರುಡೆಗೆ ಊದಿದ ಕೆನ್ನೆ ಹಿಡಿದುಕೊಂಡು ನಕ್ಕ. ಗೆಳತಿ ಮುನಿಸಿಕೊಂಡಾಗ ಛೇ ಎಂದ. ಹೆಂಡತಿ ಕರೆದರೆ ಕೈಸನ್ನೆಯಲ್ಲೇ ಆಮೇಲೆ ಎಂದ. ಸಂಜೆಯ ಹೊತ್ತಿಗೆ ಆ ಪುಟ ಬಂತು. ಕಥೆಯ ಅಪ್ಪ ಬ್ಯಾಗಿನಿಂದ ಟವೆಲ್ ತೆಗೆಯುತ್ತಾನೆ. ಟವೆಲ್ ಒದ್ದೆಯಾಗಿಲ್ಲ, ಮಡಿಕೆಯನ್ನೂ ಬಿಚ್ಚಿಲ್ಲ.

ಸಿಕ್ಕಿಬಿದ್ದಳು ನೋಡು ಎಂದು ಮಾಮ ತೊಡೆ ತಟ್ಟಿಕೊಂಡ. ತಟ್ಟಿದ ಕೈ ಅಲ್ಲೇ ಉಳಿಯಿತು. ತಮ್ಮ ಮನೆಯ ಬಟ್ಟೆ ತಂತಿಯ ಮೇಲೆ ಪುಟ್ಟಿಯ ಹಳದಿ ಟವೆಲ್ ಕಂಡು ಎಷ್ಟು ದಿನವಾಯಿತು?

ಮರುದಿನ ಬೆಳಿಗ್ಗೆ ಈಜಿಗೆಂದು ಹೋಗಿದ್ದ ಪುಟ್ಟಿ ಒದ್ದೆ ತಲೆಯಲ್ಲಿ ಬಂದು, ಬ್ಯಾಗನ್ನು ಮೂಲೆಗಿಟ್ಟು ಸ್ನಾನಕ್ಕೆ ಹೋದಳು. ಮಾಮ ಜಿಪ್ ಎಳೆದ. ಹಳದಿ ಟವೆಲ್ ಇಟ್ಟ ಮಡಿಕೆಯಲ್ಲೇ ಇತ್ತು, ಸೋಪಿನ ಪುಡಿಯ ವಾಸನೆ ಬರುತ್ತಿತ್ತು. ಕೋಪ ನೆತ್ತಿಗೇರಿತು. ಬಚ್ಚಲಿನ ಬಾಗಿಲು ಬಡಿಯಲು ಕೈ ಎತ್ತಿಯೂ ಬಿಟ್ಟ. ಕಥೆಯ ಅಪ್ಪನೂ ಹೀಗೇ ಬಾಗಿಲು ಬಡಿದು ಕಿರುಚಾಡಿದ್ದ. ಆಮೇಲೆ ಎಷ್ಟೋ ಪುಟಗಳ ತನಕ ಮಗಳು ಅವನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಅಷ್ಟು ಪುಟ ತನ್ನಿಂದ ತಡೆಯಲಾಗದು ಎಂದು ಮಾಮನಿಗೆ ಖಂಡಿತವಾಗಿ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಈ ಕೊರೆಯುವ ಚಳಿಯ ಬೆಳಗಿನಲ್ಲಿ ಕೂಸು ಎಲ್ಲೋ ಒಬ್ಬಳೇ ಕೂತಿರುತ್ತಾಳೆ, ಅದೂ ತನಗೆ ಹೆದರಿ ಎಂಬುದು ಅವನಿಗೆ ಹೊಳೆಯಿತು. ಕೈ ಇಳಿಸಿ, ಉಳಿದ ಪುಟಗಳನ್ನು ಓದಲು ಕೂತ.

ಮಾರನೆಯ ದಿನ ಹೊರಡುವಾಗ ಹೆಗಲಿಗೇರಿಸಿದ ಬ್ಯಾಗ್ ಯಾಕೋ ಬೇರೆ ಥರ ಅನ್ನಿಸಿ ಪುಟ್ಟಿ ಬಾಗಿಲಲ್ಲೇ ನಿಂತು ಜಿಪ್ ಎಳೆದಳು. ಟವೆಲ್ ಇರಲಿಲ್ಲ. ಅದರ ಜಾಗದಲ್ಲಿ ಕಾದಂಬರಿ ಇತ್ತು. ಅವಳ ಮುಖ ಬಿಳಿಚಿಕೊಂಡಿತು.

"ಕೊನೇ ಅಧ್ಯಾಯ ತುಂಬಾ ಚೆನ್ನಾಗಿದೆ ಕಣೇ, ತಪ್ಪದೇ ಓದು," ಎಂದ ಮಾಮ, ಬಗ್ಗಿ ತನ್ನ ಶೂ ಲೇಸ್ ಕಟ್ಟುತ್ತಾ. "ಆದ್ರೆ ಬೆಂಚಿನ ಮೇಲೆ ಚಳಿ. ಮನೇಲೇ ಕೂತು ಓದು."